ಸುತ್ತು ಎಣಿಸಿದೆ, ಕಲ್ಲು ಅಳೆಯಲಿಲ್ಲ

ಹೋದ ಚಳಿಗಾಲದಲ್ಲಿ ಹುಕ್ಕೇರಿಯ ಒಂದು ಕಾರಖಾನೆಗೆ ಹೋದವನು, ಯಜಮಾನನನ್ನು ಒಂದು ಮಾತೂ ಕೇಳದೆ, ಓಡುತ್ತಿದ್ದ ಯಂತ್ರವನ್ನು, ಅದನ್ನು ತಿರುಗಿಸುವ ಪಟ್ಟಾ ಕೋಲಿನಿಂದ ತಳ್ಳಿ ಜಾರಿಸಿ, ನಿಲ್ಲಿಸಿದೆ. ಪರರ ಯಂತ್ರಕ್ಕೆ ಕೈ ಹಚ್ಚಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಕಣ್ಣಿಗೆ ಕಂಡದ್ದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದ ಆಗಲಿಲ್ಲ.

ಆ ಯಜಮಾನ ಇನ್ನೂ ಹರೆಯದವ. ಕುಡ, ಕುಡುಗೋಲು, ಚಕ್ಕಡಿಯ ಕಬ್ಬಿಣದ ಸಾಮಾನು ಮಾಡಿ ಮಾರುತ್ತಾನೆ. ನನ್ನ ಅಳಿಯನಿಗೆ ಒಂದು ನೇಗಿಲ ಕುಡ ಬೇಕಾಗಿತ್ತು, ಅದಕ್ಕೆ ಹೋಗಿದ್ದೆ. ಅವನು ಸವೆದ ಸಾಣೆ ಚಕ್ರ ಬಿಚ್ಚಿ, ಅದರ ಎರಡರಷ್ಟು ಅಗಲದ ಹೊಸ ಚಕ್ರವನ್ನು ಅದೇ ಜಾಗಕ್ಕೆ ಏರಿಸಿದ್ದ. ಪಟ್ಟಾ ಇದ್ದಲ್ಲೇ ಇತ್ತು. ಯಂತ್ರ ನಿಲ್ಲಿಸಿ, ಏನೋ ಇದು ಎಂದು ನಾನು ಒದರಿದ್ದಕ್ಕೆ ಅವನು ನಕ್ಕ.

"ಸುತ್ತು ಅಷ್ಟ ಅದಾವ್ರಿ ಕಾಕಾ. ನಿನ್ನೆ ಎಷ್ಟು ಇದ್ದೂವೋ ಇವತ್ತೂ ಅಷ್ಟ. ಸುಮ್ನ ಯಾಕ ಅಂಜತೀರಿ?"

ಈ ಮಾತು ಕೇಳಿದ ಕೂಡಲೆ ನನ್ನ ಮೈ ಉರಿಯಿತು. ಯಾಕೆಂದರೆ ಇದು ನನ್ನದೇ ಮಾತು. ಬಹಳ ವರ್ಷಗಳ ಹಿಂದೆ ನಾನೇ ಆಡಿದ್ದು. ಅವನು ಅಲ್ಲಿಗೇ ನಿಲ್ಲಿಸಿದ್ದರೆ ಬೈದು ಹೊರಟು ಬರುತ್ತಿದ್ದೆನೇನೋ. ನಿಲ್ಲಿಸಲಿಲ್ಲ.

"ಕೊಣ್ಣೂರ ಜಿನ್ನಿನ್ಯಾಗ ಒಬ್ಬಾಂವ ಅಲಗು ಒತ್ತಿ ಹಿಡದು ಕಲ್ಲು ಒಡಸ್ಕೊಂಡನಂತಲ್ರಿ. ನಮಗ ಕೆಲಸಾ ಕಲಿಸಿದ ಉಸ್ತಾದ ಅದನ್ನ ಹೇಳಿ ಹೇಳಿ ಕಿವಿ ತೂತು ಮಾಡ್ಯಾನ. ನಾ ಹಂಗ ಒತ್ತಾಂವ ಅಲ್ರಿ."

ಆ ಒಬ್ಬಾಂವ ನನ್ನ ಅಣ್ಣ ಸಿದ್ದಪ್ಪ. ಅವನು ಅಲಗು ಒತ್ತಿ ಹಿಡಿದಿರಲಿಲ್ಲ. ಯಂತ್ರದ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆಂದು ನಾನು ಇದನ್ನು ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನಾವು ಮಸಗುಪ್ಪಿಯವರು. ಹೊಲ ಸಾಲದ್ದಕ್ಕೆ ಅಣ್ಣತಮ್ಮ ಇಬ್ಬರೂ ಕೊಣ್ಣೂರಿನ ಹತ್ತಿ ಜಿನ್ನಿಗೆ ಬಂದೆವು. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳಿಗೆ ಉದ್ದುದ್ದ ಅಲಗುಗಳಿರುತ್ತವೆ. ಅವು ಮೊಂಡಾದರೆ ಹತ್ತಿ ಹರಿಯುತ್ತದೆ, ಕಾಳು ಒಡೆಯುತ್ತದೆ. ಸಾಣೆ ಹಿಡಿಯುವ ಕೆಲಸ ಅಣ್ಣನಿಗೆ ಸಿಕ್ಕಿತು. ನಾನು ಮಿಸ್ತ್ರಿಯ ಕೈಕೆಳಗೆ ಫಿಟ್ಟರ್ ಕೆಲಸ ಕಲಿತೆ.

ನಮ್ಮ ಮಿಸ್ತ್ರಿ ಹುಸೇನಸಾಬ. ಕೆಲಸ ಬಲ್ಲವನು, ಆದರೆ ಬಲ್ಲದ್ದನ್ನು ಬಾಯಿ ಬಿಟ್ಟು ಹೇಳುವವನಲ್ಲ. ಅವನು ಯಾವ ಗಾಲಿ ಏರಿಸಿದರೂ ಮೊದಲು ಒಂದು ಹುರಿಯನ್ನು ಅದರ ಅಂಚಿಗೆ ಸುತ್ತಿ, ಗಂಟು ಹಾಕಿ, ಬಿಚ್ಚಿ ನೆಲದ ಮೇಲೆ ಉದ್ದಕ್ಕೆ ಹಾಸಿ ನೋಡುತ್ತಿದ್ದ. ಆಮೇಲೆ ಶಾಫ್ಟಿನ ತುದಿಗೆ ಸಣ್ಣ ದಾರ ಸಿಕ್ಕಿಸಿ, ಗಡಿಯಾರ ಹಿಡಿದು, ಸ್ವಲ್ಪ ಹೊತ್ತು ಸುತ್ತಿಕೊಳ್ಳಲು ಬಿಟ್ಟು, ದಾರ ಕತ್ತರಿಸಿ ಸುತ್ತು ಎಣಿಸುತ್ತಿದ್ದ. ಹುರಿ ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ನಿನ್ನ ಸೊಂಟಕ್ಕ ಉಡದಾರ ಮಾಡಾಕ ಎಂದು ಹೇಳಿ ಎಲ್ಲರನ್ನೂ ನಗಿಸಿದ. ಮತ್ತೆ ಕೇಳಲಿಲ್ಲ.

ಇವತ್ತಿಗೂ ನನಗೆ ಆ ಮಿಸ್ತ್ರಿಯ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ನಾನು ಮಾಡುತ್ತೇನೆ. ಎರಡು ಮಾತಿನಲ್ಲಿ ಹೇಳಿ ಮುಗಿಸುವಂಥ ವಿಷಯ ಅದು. ಹೇಳಿದರೆ ತನ್ನ ಕುರ್ಚಿ ಹೋದೀತೆಂದು ಬಚ್ಚಿಟ್ಟುಕೊಂಡ. ಅವನೊಬ್ಬನೇ ಅಲ್ಲ, ಆ ಕಾಲದ ಮಿಸ್ತ್ರಿಗಳೆಲ್ಲ ಹಾಗೆಯೇ. ಕೈ ನೋಡಿ ಕಲಿ ಅನ್ನುವುದು ಅವರ ವಾಡಿಕೆ. ಕೈ ನೋಡಿದರೆ ಹುರಿ ಕಾಣುತ್ತದೆ, ಹುರಿ ಯಾಕೆಂಬುದು ಹೇಗೆ ಕಾಣಬೇಕು?

ಅವನು ಮುದಿಯಾಗಿ ಕೆಲಸ ಬಿಟ್ಟ ಮೇಲೆ ಆ ಜಾಗ ನನಗೆ ಬಂತು. ಅದೇ ಹೊತ್ತಿಗೆ ಮ್ಯಾನೇಜರರು ಮುಂಬಯಿಯಿಂದ ಸುತ್ತು ಎಣಿಸುವ ಒಂದು ಸಣ್ಣ ಯಂತ್ರ ತರಿಸಿದರು. ಅಂಗೈಯಲ್ಲಿ ಹಿಡಿಸುವಂಥದ್ದು, ಮುಂದೆ ಒಂದು ಮೊನೆ. ಶಾಫ್ಟಿನ ತುದಿಗೆ ಒತ್ತಿದರೆ ಸಾಕು, ಮುಖದ ಮೇಲೆ ಅಂಕಿ ತಿರುಗುತ್ತದೆ. ಮ್ಯಾನೇಜರರಿಗೆ ಅದರ ಮೇಲೆ ಎಷ್ಟು ಪ್ರೀತಿ ಎಂದರೆ ಬಂದ ಬೀಗರಿಗೂ ಅದನ್ನೇ ತೋರಿಸುವರು. ದಾರ ಹೋಯಿತು. ದಾರದ ಜೊತೆಗೆ ಹುರಿಯೂ ಹೋಯಿತು. ನಾನೇ ಅದನ್ನು ಗೂಟದಿಂದ ತೆಗೆದು ಎಣ್ಣೆ ಡಬ್ಬಿಗಳ ಹಿಂದೆ ಎಸೆದೆ. ಹಳೆಯ ಕಾಲದ ಗೊಡ್ಡು ಪದ್ಧತಿ ಅಂದುಕೊಂಡಿದ್ದೆ.

ಈಗ ಸಾಣೆಕಲ್ಲಿನ ವಿಷಯ ಹೇಳಬೇಕು. ಇದು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಸಾಣೆಕಲ್ಲು ಮರಳುಗಲ್ಲಿನದು. ಹೊಸದಿದ್ದಾಗ ಅಂಚಿನಿಂದ ಅಂಚಿಗೆ ಮೂರು ಅಡಿ ಅಗಲ. ಮೇಲಿಂದ ನೀರು ಹನಿಯುತ್ತಿರುತ್ತದೆ, ಕಲ್ಲು ತಿರುಗುತ್ತಿರುತ್ತದೆ. ದಿನ ಕಳೆದಂತೆ ಸವೆದು ಕಲ್ಲು ಸಣ್ಣದಾಗುತ್ತದೆ. ಸಣ್ಣದಾದಂತೆ ಅಲಗು ಹರಿತವಾಗುವುದಿಲ್ಲ, ಕಲ್ಲಿಗೆ ಕಸುವೇ ಇಲ್ಲದಂತೆ ಅನಿಸುತ್ತದೆ. ಅದಕ್ಕೆ ಕಲ್ಲಿನ ಶಾಫ್ಟಿಗೆ ಎರಡು ಪುಲಿಗಳು, ಅಂದರೆ ಇಂಜಿನ್ನಿನಿಂದ ಬರುವ ಪಟ್ಟಾ ಓಡುವ ಗಾಲಿಗಳು ಇರುತ್ತವೆ, ಒಂದು ದೊಡ್ಡದು, ಒಂದು ಅದರ ಅರ್ಧದ್ದು. ಹೊಸ ಕಲ್ಲಿಗೆ ಪಟ್ಟಾ ದೊಡ್ಡ ಪುಲಿಯ ಮೇಲೆ. ಕಲ್ಲು ಅರ್ಧಕ್ಕೆ ಸವೆದಾಗ ಪಟ್ಟಾವನ್ನು ಸಣ್ಣ ಪುಲಿಗೆ ಸರಿಸಬೇಕು. ಆಗ ಕಲ್ಲು ಎರಡರಷ್ಟು ಸುತ್ತು ಹಾಕಿ ಮೊದಲಿನಂತೆ ಕೆಲಸ ಮಾಡುತ್ತದೆ. ಮತ್ತೆ ಹೊಸ ಕಲ್ಲು ಬಂದ ದಿನ ಪಟ್ಟಾ ಮರಳಿ ದೊಡ್ಡ ಪುಲಿಗೆ ಬರಬೇಕು.

ಯಾಕೆ ಎಂಬುದನ್ನು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಯಾವ ಹುಡುಗನಾದರೂ ಹೇಳಬಲ್ಲ. ಕಣದಲ್ಲಿ ಹಂತಿ ಕಟ್ಟುತ್ತೇವಲ್ಲ, ನಡುವೆ ನೆಟ್ಟ ಮೇಟಿ ಕಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ಜೋಳದ ತೆನೆ ತುಳಿಸುತ್ತೇವಲ್ಲ, ಆಗ ಮೇಟಿಯ ಹತ್ತಿರ ಯಾವ ಎತ್ತು ಇರುತ್ತದೆ? ಮುದಿಯದು, ಇಲ್ಲವೆ ಕುಂಟುವುದು. ಹೊರಗಿನ ತುದಿಗೆ? ಹರೆಯದ, ಕಾಲು ಗಟ್ಟಿ ಇರುವ ಎತ್ತು. ಸುತ್ತು ಎರಡೂ ಒಂದೇ ಹಾಕುತ್ತವೆ. ಒಳಗಿನದು ಒಂದು ಸುತ್ತು ಮುಗಿಸುವಷ್ಟರಲ್ಲಿ ಹೊರಗಿನದೂ ಒಂದೇ ಸುತ್ತು ಮುಗಿಸುತ್ತದೆ. ಆದರೆ ಒಳಗಿನದು ನಿಂತಲ್ಲೇ ಹೆಜ್ಜೆ ಎತ್ತಿಡುತ್ತಿರುತ್ತದೆ, ಹೊರಗಿನದು ಓಡುತ್ತಿರುತ್ತದೆ. ಸುತ್ತು ಬೇರೆ, ಓಟ ಬೇರೆ. ಮೇಟಿಯಿಂದ ದೂರ ಎರಡು ಪಟ್ಟಾದರೆ ಓಟವೂ ಎರಡು ಪಟ್ಟು.

ಗಾಲಿಯದೂ ಅದೇ ಲೆಕ್ಕ. ಅಗಲದ ಮೂರು ಪಟ್ಟಿಗಿಂತ ತುಸು ಹೆಚ್ಚು ಹಿಡಿಯಿರಿ, ಅದು ಅಂಚಿನ ಸುತ್ತಳತೆ, ಮಿಸ್ತ್ರಿಯ ಹುರಿಯ ಉದ್ದ. ನಿಮಿಷಕ್ಕೆ ಎಷ್ಟು ಸುತ್ತೋ ಅಷ್ಟರಿಂದ ಅದನ್ನು ಗುಣಿಸಿರಿ. ನಿಮಿಷಕ್ಕೆ ಅಂಚು ಎಷ್ಟು ದಾರಿ ಓಡುತ್ತದೆಂಬುದು ಸಿಕ್ಕಿತು. ಕಲ್ಲು ಒಡೆಯುವುದು ಈ ಓಟದಿಂದ, ಸುತ್ತಿನಿಂದಲ್ಲ. ಅದರಲ್ಲೂ ಓಟ ಎರಡು ಪಟ್ಟಾದರೆ ಕಲ್ಲನ್ನು ಸೀಳುವ ಜಗ್ಗಾಟ ನಾಲ್ಕು ಪಟ್ಟಾಗುತ್ತದೆ. ಇಷ್ಟೇ. ಇದಕ್ಕೆ ಮುಂಬಯಿಯ ಯಂತ್ರ ಬೇಡ.

ಹಂತಿಯಲ್ಲಿ ಹರೆಯದ ಎತ್ತನ್ನು ಹೊರಗೆ ಕಟ್ಟಬೇಕೆಂದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಆದರೆ ಕಣದಲ್ಲಿ ಇದ್ದ ಬುದ್ಧಿಯನ್ನು ನಾನು ಮಸಗುಪ್ಪಿಯಲ್ಲೇ ಬಿಟ್ಟು ಬಂದಿದ್ದೆ.

ಹತ್ತಿಯ ಸುಗ್ಗಿ ಜೋರಿದ್ದ ದಿನ. ಹೊರಗೆ ಹತ್ತಿಯ ಚಕ್ಕಡಿಗಳು ಸಾಲು ನಿಂತಿದ್ದವು. ಹಳೆಯ ಸಾಣೆಕಲ್ಲು ಅರ್ಧಕ್ಕಿಂತ ಹೆಚ್ಚು ಸವೆದು ಸೀಳು ಕಾಣಿಸಿಕೊಂಡಿತ್ತು. ಹೊಸ ಕಲ್ಲು ಬಂದಿತ್ತು. ಅಲಗು ಮೊಂಡಾಗಿ ಎರಡು ಜಿನ್ನಿನ ಯಂತ್ರ ನಿಂತಿದ್ದವು. ಮ್ಯಾನೇಜರರು ಗಡಿಯಾರ ಹಿಡಿದು ನನ್ನ ತಲೆಯ ಮೇಲೆ ನಿಂತಿದ್ದರು. ನಾನು ಕಲ್ಲು ಏರಿಸಿದೆ, ನಟ್ಟು ಬಿಗಿದೆ, ಆ ಸುತ್ತಿನ ಯಂತ್ರ ಒತ್ತಿ ನೋಡಿದೆ. ನಿನ್ನೆಯಷ್ಟೇ ಸುತ್ತು. ಮ್ಯಾನೇಜರರು ಕೇಳಿದರು, ನಾನು ಬರೋಬ್ಬರಿ ಐತ್ರಿ ಅಂದೆ. ಅವರು ಹೊರಟು ಹೋದರು. ಪಟ್ಟಾ ಸಣ್ಣ ಪುಲಿಯ ಮೇಲೆಯೇ ಇತ್ತು.

ಅಣ್ಣ ಮೂರು ಅಲಗು ಹಿಡಿದು ಮುಗಿಸಿ ನನ್ನನ್ನು ಕರೆದ.

"ತಮ್ಮಾ, ಕಲ್ಲಿನ ಮ್ಯಾಲೆ ನೀರು ನಿಲ್ಲವಲ್ದೋ. ಎಲ್ಲಾ ಗ್ವಾಡಿಗೆ ಸಿಡ್ಯಾಕತ್ತೈತಿ. ದನೀನೂ ಬ್ಯಾರೆ ಐತಿ."

ಗೋಡೆ ನೋಡಿದೆ. ನೀರು ಗೆರೆ ಎಳೆದಂತೆ ಸಿಡಿದಿತ್ತು. ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ನಾನು ಮತ್ತೆ ಆ ಸುತ್ತಿನ ಯಂತ್ರ ಒತ್ತಿ ಅವನ ಮುಖಕ್ಕೆ ಹಿಡಿದು ತೋರಿಸಿದೆ.

"ಸುತ್ತು ನಿನ್ನೆಯಷ್ಟ ಅದಾವಣ್ಣಾ. ಹೊಸಾ ಕಲ್ಲು, ಹಂಗ ಅನಸ್ತೈತಿ. ನೀ ಹಿಡಿ."

ಅಣ್ಣನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ತಮ್ಮ ಮೂರನೆಯ ಇಯತ್ತೆ ಓದಿದವನೆಂದು ಅವನಿಗೆ ಹೆಮ್ಮೆ. ಹೂಂ ಅಂದು ನಾಲ್ಕನೆಯ ಅಲಗು ಎತ್ತಿಕೊಂಡ. ನಾನು ಇಂಜಿನ್ನಿನ ಮನೆ ಮುಟ್ಟಿರಲಿಲ್ಲ, ಸದ್ದಾಯಿತು.

ಕಲ್ಲು ಎರಡು ಹೋಳಾಗಿತ್ತು. ಒಂದು ಹೋಳು ತಗಡಿನ ಮಾಡು ಹರಿದು ಹೊರಗೆ ಬಿದ್ದಿತ್ತು. ಇನ್ನೊಂದು ಅಣ್ಣನ ಎಡ ಹೆಗಲಿಗೆ ಹೊಡೆದು ತೋಳಿನ ಎಲುಬು ಪುಡಿ ಮಾಡಿತ್ತು. ಹತ್ತಿಯ ಚಕ್ಕಡಿಯೊಂದನ್ನು ಬರಿದು ಮಾಡಿ, ಅದರಲ್ಲಿ ಅವನನ್ನು ಮಲಗಿಸಿ, ಗೋಕಾಕದ ದವಾಖಾನೆಗೆ ಒಯ್ದರು. ನಾನೂ ಹತ್ತಲು ಹೋದೆ. ಮ್ಯಾನೇಜರರು ಬೇಡ ಅಂದರು, ಬೆಳಗಾವಿಯಿಂದ ತಪಾಸಣೆಯ ಸಾಹೇಬರು ಬರುವವರೆಗೆ ಫಿಟ್ಟರ್ ಇಲ್ಲೇ ಇರಬೇಕು ಅಂದರು.

ಎಲ್ಲರೂ ಚಕ್ಕಡಿಯ ಹಿಂದೆ ಹೋದಾಗ ಸಾಣೆಯ ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಗೋಡೆಗೆ ಆನಿಸಿದ್ದ ಸವೆದ ಹಳೆಯ ಕಲ್ಲು ಕಂಡಿತು. ಅದರ ಬಾಜೂಕ ಹೊಸ ಕಲ್ಲಿನ ಹೋಳು. ಹೋಳೇ ಹಳೆಯ ಕಲ್ಲಿಗಿಂತ ಎತ್ತರ ಇತ್ತು. ತಲೆ ಎತ್ತಿ ಪಟ್ಟಾ ನೋಡಿದೆ, ಸಣ್ಣ ಪುಲಿಯ ಮೇಲೆ ಇತ್ತು. ಆಗ ಮಿಸ್ತ್ರಿಯ ಹುರಿ ನೆನಪಾಯಿತು. ಹಂತಿಯ ಹೊರಗಿನ ಎತ್ತು ನೆನಪಾಯಿತು. ಯಾರೂ ಕಲಿಸದೆಯೇ ಎಲ್ಲ ತಿಳಿಯಿತು.

ಇಲ್ಲಿಯವರೆಗೆ ಮಿಸ್ತ್ರಿಯನ್ನು ಬೈದಿದ್ದೇನೆ, ಮ್ಯಾನೇಜರರನ್ನು ಬೈಯುವುದು ಬಾಕಿ ಇದೆ, ಬೆಳಗಾವಿಯ ಸಾಹೇಬರನ್ನು ಇನ್ನೂ ಶುರು ಮಾಡಿಲ್ಲ. ಆದರೆ ಅವತ್ತು ಕೋಲು ತಗೊಂಡು ಪಟ್ಟಾವನ್ನು ಸಣ್ಣ ಪುಲಿಯಿಂದ ದೊಡ್ಡ ಪುಲಿಗೆ ಸರಿಸಿದ ಕೈ ನನ್ನದು. ಯಾರೂ ಹೇಳಿರಲಿಲ್ಲ. ಯಾರೂ ನೋಡಲಿಲ್ಲ. ಅಣ್ಣನ ಚಕ್ಕಡಿ ಊರ ಅಗಸಿ ಬಾಗಿಲು ದಾಟಿತ್ತೋ ಇಲ್ಲವೋ.

ಸಾಹೇಬರು ಮರುದಿನ ಬಂದರು. ದೊಡ್ಡ ಪರೀಕ್ಷೆ ಪಾಸಾದ ಇಂಜಿನಿಯರರು. ಇಂಜಿನ್ನು ಹಚ್ಚಿಸಿ ಸುತ್ತು ನೋಡಿದರು. ಈಗ ಪಟ್ಟಾ ದೊಡ್ಡ ಪುಲಿಯ ಮೇಲಿದೆ, ಅಂಕಿ ಮೂರು ಅಡಿಯ ಕಲ್ಲಿಗೆ ಸರಿಯಾಗಿ ಬಂತು. ಮ್ಯಾನೇಜರರು ಹಿಂದಿನ ದಿನದ ಅಂಕಿ ಕಂಡಿದ್ದರು. ಅದು ಇದರ ಎರಡರಷ್ಟಿತ್ತು. ಅವರಿಗೆ ನೆನಪಿರಲಿಲ್ಲವೋ, ನೆನಪು ಬೇಡವಾಗಿತ್ತೋ, ಬಾಯಿ ಬಿಡಲಿಲ್ಲ. ಪಟ್ಟಾ ಇಲ್ಲಿಯೇ ಇತ್ತೇನು ಎಂದು ಸಾಹೇಬರು ಕೇಳಲಿಲ್ಲ. ಒಂದು ವರ್ಷದ ಧೂಳಿನ ನಡುವೆ ಪಟ್ಟಾ ತಿಕ್ಕಿ ಹೊಳೆಯುತ್ತಿದ್ದದ್ದು ಸಣ್ಣ ಪುಲಿ, ದೊಡ್ಡದಲ್ಲ. ಕಣ್ಣಿದ್ದವನಿಗೆ ಅಷ್ಟು ಸಾಕಿತ್ತು. ಅವರು ಬೂಟಿಗೆ ಎಣ್ಣೆ ಹತ್ತೀತೆಂದು ದೂರದಿಂದಲೇ ನೋಡಿದರು.

ಇನ್ನೊಂದು ಸಾಕ್ಷಿಯೂ ಇತ್ತು. ಅಣ್ಣ ಅವತ್ತು ಮುಗಿಸಿದ್ದ ಮೂರು ಅಲಗು ಕಟ್ಟಿಗೆಯ ಬಾಕಿನ ಮೇಲೆಯೇ ಇದ್ದವು. ಒತ್ತಿ ಹಿಡಿದ ಅಲಗಿನ ಅಂಚು ಅಲ್ಲಲ್ಲಿ ತಗ್ಗು ಬಿದ್ದು ಡೊಂಕಾಗುತ್ತದೆ. ಅವು ಮೂರೂ ದಾರ ಹಿಡಿದು ಎಳೆದಂತೆ ನೆಟ್ಟಗಿದ್ದವು. ನಾನು ಅವನ್ನು ನೋಡಿದೆ. ಸಾಹೇಬರು ನೋಡಲಿಲ್ಲ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ನಿನ್ನ ಅಣ್ಣ ಅಲಗು ಒತ್ತಿ ಹಿಡಿಯುತ್ತಿದ್ದನೇನು ಅಂತ.

"ನಾ ನೋಡಿಲ್ರಿ," ಅಂದೆ.

ಅಷ್ಟೇ ಸಾಕಾಯಿತು. ಕಲ್ಲು ಸರಿ, ಸುತ್ತು ಸರಿ, ಸಾಣೆ ಹಿಡಿದವನ ಕೈ ತಪ್ಪು ಎಂದು ತೀರ್ಮಾನವಾಯಿತು. ಅಣ್ಣನ ಕೆಲಸ ಹೋಯಿತು, ಪರಿಹಾರವೂ ಇಲ್ಲ. ನನ್ನ ಕೆಲಸ ಉಳಿಯಿತು. ನಾನು ಬಾಯಿ ಬಿಟ್ಟಿದ್ದರೆ ಇಬ್ಬರ ಮನೆಯ ಒಲೆಯೂ ಆರುತ್ತಿತ್ತು, ಒಬ್ಬನ ಪಗಾರವಾದರೂ ಇರಲಿ, ಅದರಲ್ಲಿ ಅವನ ಮನೆಯನ್ನೂ ನಡೆಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಡೆಸಿದೆ ಕೂಡ. ಪ್ರತಿ ಸುಗ್ಗಿಗೆ ಕಾಳು ಕಳಿಸಿದೆ, ಅವನ ಮಗಳ ಮದುವೆಗೆ ನಿಂತೆ. ತಮ್ಮ ಅಂದರೆ ಇಂಥವನಿರಬೇಕು ಎಂದು ಊರವರು ಹೊಗಳಿದರು. ಹೊಗಳಿದಷ್ಟು ಸಲವೂ ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು.

ಮುಂದೆ ನಾನು ಕೊಣ್ಣೂರು ಬಿಟ್ಟು ಮೂಡಲಗಿ ಕಡೆಯ ಕಬ್ಬಿನ ಗಾಣಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ದುಡಿದೆ. ಎಲ್ಲೆಲ್ಲಿ ಕೆಲಸ ಹಿಡಿದೆನೋ ಅಲ್ಲಲ್ಲಿ ಮೊದಲು ಒಂದು ಹುರಿ ತರಿಸಿ ಗೂಟಕ್ಕೆ ತೂಗು ಹಾಕಿದೆ. ಗಾಲಿ ಅಳೆಯದೆ ಸುತ್ತು ಎಣಿಸಿದವರನ್ನು ಬೈದೆ. ಯಾಕೆ ಎಂದು ಕೇಳಿದವರಿಗೆಲ್ಲ ಕಣದ ಎತ್ತುಗಳ ಮಾತು ಹೇಳಿ ತಿಳಿಸಿದೆ, ಮಿಸ್ತ್ರಿಯ ಹಾಗೆ ಬಚ್ಚಿಡಲಿಲ್ಲ. ಆದರೆ ಅದು ನನಗೆ ಹೇಗೆ ತಿಳಿಯಿತು ಎಂಬುದನ್ನು ಮಾತ್ರ ಬಚ್ಚಿಟ್ಟೆ. ನನ್ನ ಹುರಿ ಹೋದದ್ದು ನಾಲ್ಕಾರು ಗಿರಣಿಗೆ. ನನ್ನ ಸುಳ್ಳು ಹುಕ್ಕೇರಿಯವರೆಗೆ ಹೋಗಿ, ಪಾಠವಾಗಿ, ಒಬ್ಬ ಉಸ್ತಾದನ ಬಾಯಿಂದ ಒಬ್ಬ ಹುಡುಗನ ಕಿವಿಗೆ ಬಿದ್ದಿತ್ತು. ಒತ್ತಬೇಡ, ಅಷ್ಟೇ ಸಾಕು, ಎಂಥ ಗಾಲಿ ಬೇಕಾದರೂ ಏರಿಸು ಎಂಬ ಪಾಠ.

ಹುಕ್ಕೇರಿಯಿಂದ ನಾನು ಮನೆಗೆ ಹೋಗಲಿಲ್ಲ, ನೆಟ್ಟಗೆ ಮಸಗುಪ್ಪಿಗೆ ಹೋದೆ.

ಅಣ್ಣ ಕಟ್ಟೆಯ ಮೇಲೆ ಕೂತು ಒಂದೇ ಕೈಯಿಂದ ಶೇಂಗಾ ಬಿಡಿಸುತ್ತಿದ್ದ. ಅವನ ಹೆಂಡತಿ, ನನ್ನ ವೈನಿ, ಕುಡುಗೋಲು ಹಿಡಿದು ಹೊರಗೆ ಹೊರಟಿದ್ದಳು. ಎಲ್ಲಿಗೆ ವೈನಿ ಅಂದೆ.

"ಎಲ್ಲಿಗ ಅಂದ್ರ? ಬಾಜೂ ಮನ್ಯಾವ್ರ ಕಡೆ ಮಸಿಸ್ಕೊಂಡು ಬರಾಕ. ಜಿನ್ನಿನ್ಯಾಗ ಸಾಣಿ ಹಿಡದ ಗಂಡನ್ನ ಮನ್ಯಾಗ ಇಟ್ಕೊಂಡು, ಕುಡಗೋಲು ಹಿಡಕೊಂಡು ಮಂದಿ ಬಾಗಲಾ ತಿರಗತೇನಿ ನಾ."

ಇದು ನನಗೆ ಗೊತ್ತಿಲ್ಲದ ಮಾತಲ್ಲ. ಎಡಗೈ ಹೋದರೂ ಅವನ ಬಲಗೈ ಗಟ್ಟಿ ಇತ್ತು. ಕುಡುಗೋಲನ್ನು ಕಾಲಿನಡಿ ಹಿಡಿದು ಮಸೆಯುವುದು ಅವನಿಗೆ ದೊಡ್ಡದಲ್ಲ. ಆದರೂ ಆ ದಿನದಿಂದ ಅವನು ಯಾವ ಅಲಗನ್ನೂ ಕಲ್ಲಿಗೆ ಹಚ್ಚಿರಲಿಲ್ಲ. ನೋವಿನ ನೆನಪಿಗೆ ಹಾಗೆ ಮಾಡುತ್ತಾನೆಂದು ನಾನು ತಿಳಿದಿದ್ದೆ.

ವೈನಿ ಹೋದ ಮೇಲೆ ಅವನ ಎದುರಿಗೆ ಕೂತು ಎಲ್ಲ ಹೇಳಿದೆ. ಪಟ್ಟಾ, ಪುಲಿ, ಕೋಲು, ಸಾಹೇಬರಿಗೆ ನಾನು ಅಂದ ಮಾತು. ಅವನ ಕೈ ನಿಂತಿತು. ಬೈಯಲಿ ಎಂದು ಕಾದೆ, ಎದ್ದು ಹೊಡೆಯಲಿ ಎಂದು ಕಾದೆ.

"ನೀರು ನಿಲ್ಲವಲ್ದು ಅಂತ ನಿನಗ ಹೇಳಿದ್ನೆಲ್ಲೋ," ಅಂದ.

"ಹೇಳಿದ್ದಿ ಅಣ್ಣಾ."

"ತೋಳು ಹೋತು, ಹೋಗ್ಲಿ. ಭಾಳ ಮಂದೀವು ಹೋಗ್ಯಾವು. ಆದ್ರ ಈ ಕೈ ಐತೆಲ್ಲ," ಎಂದು ಬಲಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದ. "ಇಷ್ಟು ವರ್ಷ ಇದನ್ನ ನಾ ನಂಬಿಲ್ಲ. ನನಗ ತಿಳೀದಂಗ ಇದು ಒತ್ತತೈತಿ ಅಂತ ತಿಳಕೊಂಡಿದ್ದೆ. ಮೊಮ್ಮಗನ್ನ ಎತ್ತಗೊಳ್ಳಾಕೂ ಅಂಜತಿದ್ದೆ. ನೀ ಕಾಳು ಕಳಿಸಿದಿ. ಕಾಳು ಯಾರು ಕೇಳಿದ್ರೋ?"

ಮೊದಲು ಹುಕ್ಕೇರಿಗೆ ಹೋಗಿ ಆ ಹುಡುಗನಿಗೆ ಹೆಸರು ಹಿಡಿದು ಹೇಳು, ಆಮೇಲೆ ಈ ಮನೆಯ ಕಟ್ಟೆ ಹತ್ತು ಅಂದ. ಉಣ್ಣು ಅನ್ನಲಿಲ್ಲ. ಅವನು ಹಾಗೆ ಕಳಿಸಿದ್ದು ಅದೇ ಮೊದಲು.

ಹೋದೆ. ಹುಡುಗ ಮೊದಲು ನಂಬಲಿಲ್ಲ. ಕಣದ ಹೊರಗಿನ ಎತ್ತಿನ ಮಾತು ಬಂದಾಗ ಎದ್ದು ಒಳಗೆ ಹೋದ. ತಾನೇ ಒಂದು ಹುರಿ ತಂದು ಹಳೆಯ ಚಕ್ರಕ್ಕೂ ಹೊಸದಕ್ಕೂ ಸುತ್ತಿ ಎರಡನ್ನೂ ನೆಲದ ಮೇಲೆ ಹಾಸಿದ. ಆಮೇಲೆ ಹೊಸ ಚಕ್ರ ಬಿಚ್ಚಿ ಕೆಳಗಿಟ್ಟ. ಅಲಗು ಹಿಡಿದವನ ಹೆಸರು ಸಿದ್ದಪ್ಪ, ಅವನು ಒತ್ತಲಿಲ್ಲ, ಕಲ್ಲು ಏರಿಸಿದವನು ನಾನು ಎಂದು ಅವನ ಆಳುಗಳ ಎದುರು ಹೇಳಿದೆ. ಅವನ ಉಸ್ತಾದನಿಗೂ ಹೇಳಿ ಬಂದೆ. ಉಸ್ತಾದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಬರೆಯುವ ಅಗತ್ಯವೂ ಇಲ್ಲ, ಅದು ನನಗೆ ಬರಬೇಕಾದದ್ದೇ.

ಬೇಸಿಗೆ ಕಳೆದು ಮತ್ತೆ ಮಸಗುಪ್ಪಿಗೆ ಹೋದೆ. ಅಗಸಿಯಿಂದ ಬರುವಾಗಲೇ ಅವನ ಮನೆಯ ಕಡೆಯಿಂದ ಕಲ್ಲಿನ ಮೇಲೆ ಕಬ್ಬಿಣ ಎಳೆಯುವ ಸದ್ದು ಕೇಳಿತು. ಒಂದೇ ಲಯದಲ್ಲಿ, ಹಗುರವಾಗಿ. ಅಂಥ ಕೈ ಆ ಊರಲ್ಲಿ ಇನ್ನೊಂದಿಲ್ಲ.

ಅಣ್ಣ ಕಟ್ಟೆಯ ಕೆಳಗೆ ಕೂತು, ಕುಡುಗೋಲನ್ನು ಪಾದದಡಿ ಹಿಡಿದು, ಬಲಗೈಯಿಂದ ಕಲ್ಲು ಆಡಿಸುತ್ತಿದ್ದ. ಬಾಜೂಕ ಓಣಿಯವರ ಕುಡುಗೋಲುಗಳು ರಾಶಿ ಬಿದ್ದಿದ್ದವು. ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ ಅಲಗನ್ನು ಪಂಜೆಗೆ ಒರೆಸಿ ನನ್ನ ಕಡೆ ಚಾಚಿದ.

"ನೋಡು. ಎಲ್ಲೆರ ಒತ್ತೇನೇನು?"

ಬೆಳಕಿಗೆ ಹಿಡಿದು ನೋಡಿದೆ. ಅಂಚು ಒಂದೇ ಸಮನೆ ಬಾಗಿತ್ತು, ಎಲ್ಲಿಯೂ ತಗ್ಗಿರಲಿಲ್ಲ.

"ಇಲ್ಲಣ್ಣಾ. ನೀ ಒತ್ತಿಲ್ಲ."

"ಇದನ್ನ ಆ ಸಾಹೇಬಗ ಹೇಳಬೇಕಾಗಿತ್ತು," ಎಂದು ಕುಡುಗೋಲು ನನ್ನ ಕೈಯಿಂದ ತಗೊಂಡು, ರಾಶಿಯಿಂದ ಇನ್ನೊಂದನ್ನು ಎಳೆದು ಪಾದದಡಿ ಇಟ್ಟುಕೊಂಡ.